ತೊಳೆದಿಟ್ಟ ಫ್ಲಾಸ್ಕುಗಳು

ನಸ್ರೀನ್, ಆ ದಿನ ನಿನ್ನ ಫ್ಲಾಸ್ಕುಗಳನ್ನು ಕೆಡಿಸಿದವಳು ನಾನು. ಕೈತಪ್ಪಿ ಅಲ್ಲ, ಅವಸರದಲ್ಲೂ ಅಲ್ಲ — ನಿನ್ನ ಸ್ವಭಾವವನ್ನು ಪೂರ್ತಿ ಅಳೆದು, ಯೋಚಿಸಿ ಮಾಡಿದೆ. ಮೂರು ವರ್ಷದಿಂದ ನೌಬಾದಿನ ಅದೇ ಲ್ಯಾಬಿನಲ್ಲಿ, ನಿನ್ನದಾಗಬೇಕಿದ್ದ ಜಾಗದಲ್ಲಿ ಕೂತಿದ್ದೇನೆ.

ಕಾರಣ ಹೇಳುತ್ತೇನೆ. ಕಾರಣ ಬೇರೆ, ಸಮರ್ಥನೆ ಬೇರೆ — ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳಿಗೆ ಈ ವ್ಯತ್ಯಾಸ ಕಲಿಸಿದವಳೇ ನಾನು. ಬೋರ್‌ವೆಲ್ ನೀರು ಪರೀಕ್ಷಿಸುವ ಆ ಲ್ಯಾಬಿಗೆ ನೀನು ಭಾಲ್ಕಿಯಿಂದ, ನಾನು ಔರಾದ ಕಡೆಯ ಡಾಬಕಾದಿಂದ ತರಬೇತಿಗೆ ಬಂದಿದ್ದೆವು. ಆರು ತಿಂಗಳಾದ ಮೇಲೆ ಒಬ್ಬಳಿಗೆ ಮಾತ್ರ ಕೆಲಸ ಎಂದು ಲ್ಯಾಬ್ ನಡೆಸುವ ಸರ್ ಮೊದಲ ದಿನವೇ ಹೇಳಿದ್ದರು. ಒಂದು ಮಧ್ಯಾಹ್ನ ನಾನು ಬ್ಯುರೆಟ್ ಎಂಬ ಅಳತೆಯ ಗಾಜುಕೊಳವೆಗೆ ದ್ರಾವಣ ತುಂಬಿ, ಕೆಳಗಿನ ತುದಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ಹೊರಹಾಕದೆಯೇ, ಬಣ್ಣ ತಿರುಗುವವರೆಗೆ ಹನಿಹನಿ ಬಿಟ್ಟು ಅಳೆಯುವ ಟೈಟ್ರೇಶನ್ ಶುರು ಮಾಡಿದ್ದೆ. ಸರ್ ಎದುರಿಗೆ, ನೀರಿನ ಬಾಟಲಿ ಹಿಡಿದು ಬಂದ ಸಾಯಗಾಂವದ ರೈತರ ಎದುರಿಗೆ ನೀನು ಅಂದೆ:

“ಹವಾ ನಿನ್ನ ಭಾಷಣದಾಗಷ್ಟೇ ಅದ ಅಂತ ತಿಳದಿದ್ದೆ. ಬ್ಯುರೆಟ್ಟಿನ್ಯಾಗೂ ಅದ ನೋಡವಾ.”

ಎಲ್ಲರೂ ನಕ್ಕರು, ಸರ್ ಕೂಡ. ಒಬ್ಬ ರೈತ ತನ್ನ ಬಾಟಲಿಯನ್ನು ನನ್ನ ಮೇಜಿನಿಂದ ಎತ್ತಿ ನಿನ್ನ ಮೇಜಿಗಿಟ್ಟ. ನೀನು ಹೇಳಿದ್ದು ತಪ್ಪಾಗಿದ್ದರೆ ವಾದ ಮಾಡಿ ಗೆಲ್ಲುತ್ತಿದ್ದೆ. ಸರಿಯಿತ್ತು — ಅದಕ್ಕೇ ಸುಟ್ಟಿತು.

ಕೆಲಸ ಯಾರಿಗೆಂದು ತೀರ್ಮಾನವಾಗುವ ದಿನ ಸರ್ ತಾವು ಮೊದಲೇ ಅಳೆದಿಟ್ಟಿದ್ದ ಒಂದೇ ನೀರನ್ನು ಇಬ್ಬರಿಗೂ ಕೊಟ್ಟರು. ಅದರ ಗಡಸುತನ ಅಳೆಯಬೇಕು. ಮೂರು ಫ್ಲಾಸ್ಕು, ಮೂರು ರೀಡಿಂಗ್, ಮೂರೂ ಹೊಂದಬೇಕು, ಎರಡನೆಯ ಅವಕಾಶವಿಲ್ಲ. ನೀನು ಎಲ್ಲವನ್ನೂ ಪರೀಕ್ಷಿಸುವವಳು: ಬ್ಯುರೆಟ್ಟಿನ ಸೊನ್ನೆ, ಗುಳ್ಳೆ, ಕಣ್ಣಿನ ಮಟ್ಟ. ಆದರೆ ನಮ್ಮ ಕೆಲಸದಲ್ಲಿ ಯಾರೂ ಅನುಮಾನಿಸದ ಒಂದು ವಸ್ತುವಿದೆ — ಒದ್ದೆ ಫ್ಲಾಸ್ಕು. ತೊಳೆದ ಶುದ್ಧ ನೀರು ಒಳಗೆ ಒಂದಿಷ್ಟು ಉಳಿದರೂ ಲೆಕ್ಕ ಕೆಡುವುದಿಲ್ಲ, ಹಾಗಾಗಿ ಒಣಗಿಸುವ ಗೋಜಿಗೆ ಹೋಗುವುದಿಲ್ಲ. ನೀನು ಚಹಾಕ್ಕೆಂದು ಕೆಳಗಿಳಿದಾಗ ನಿನ್ನ ಎರಡು ಫ್ಲಾಸ್ಕುಗಳನ್ನು ನೀರಿಗೆ ಗಡಸುತನ ತರುವ ಕ್ಯಾಲ್ಸಿಯಂನ ಗಟ್ಟಿ ದ್ರಾವಣದಲ್ಲಿ ಜಾಲಾಡಿ, ಬಸಿದು, ಮೊದಲಿನಂತೆಯೇ ಬೋರಲು ಇಟ್ಟೆ. ನೋಡಲು ಮೂರೂ ಒಂದೇ ಥರ ಒದ್ದೆ.

ಮೊದಲನೆಯದು ಹೊತ್ತಿಗೆ ಸರಿಯಾಗಿ ಕೆಂಪಿನಿಂದ ನೀಲಿಗೆ ತಿರುಗಿತು. ಎರಡನೆಯದು ತಿರುಗಲೇ ಒಲ್ಲದು. ಮೂರನೆಯದು ಇವೆರಡಕ್ಕೂ ಹೊಂದದ ಮತ್ತೊಂದು ಅಂಕಿಗೆ ತಿರುಗಿತು. ಕಾಲೇಜಿನಲ್ಲಾಗಿದ್ದರೆ ನಾವೆಲ್ಲ ಏನು ಮಾಡುತ್ತಿದ್ದೆವು, ನಿನಗೂ ಗೊತ್ತು — ಮೊದಲ ರೀಡಿಂಗನ್ನೇ ಅಲ್ಪಸ್ವಲ್ಪ ತಿದ್ದಿ ಮೂರು ಸಲ ಬರೆಯುತ್ತಿದ್ದೆವು. ನೀನು ಬರೆಯುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ನಿನ್ನ ಪ್ರಾಮಾಣಿಕತೆಯ ಮೇಲೆಯೇ ನನ್ನ ಸೇಡು ನಿಂತಿತ್ತು, ನಸ್ರೀನ್. ಕಂಡದ್ದನ್ನು ಕಂಡಂತೆ ಬರೆದೆ ನೀನು.

ನೀರು ಒಂದೇ ಇರುವಾಗ ಉತ್ತರ ಮೂರು ಹೇಗೆ ಎಂದು ಸರ್ ಕೇಳಿದರು. ನೀನು ಮೂರನೆಯ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ — ಆದರೂ ಹೇಳಿದೆ:

“ನೀರು ಬದಲಾಗಂಗಿಲ್ಲರಿ ಸರ್. ಕೈ ಬದಲಾಗ್ತದ.”

ಯಾವ ಸ್ಪರ್ಧೆಯಲ್ಲೂ ಅಷ್ಟು ಚಿಕ್ಕ ವಾದ ಮಾಡಿ ಗೆದ್ದಿರಲಿಲ್ಲ. ಔರಾದ ಬಸ್ಸಿನಲ್ಲಿ ಊರು ಬರುವವರೆಗೂ ಒಳಗೊಳಗೇ ನಗುತ್ತಿದ್ದೆ. ಇವತ್ತಿಗೂ ಅದು ನೆನಪಾದರೆ ಮೊದಲು ಬರುವುದು ತೃಪ್ತಿ, ಆಮೇಲೆ ನಾಚಿಕೆ. ಈ ಕ್ರಮ ಇನ್ನೂ ಬದಲಾಗಿಲ್ಲ — ಬದಲಾಗಿದೆ ಎಂದು ಬರೆದರೆ ಅದೂ ಒಂದು ಸುಳ್ಳು ರೀಡಿಂಗ್.

ಕಳೆದ ತಿಂಗಳು ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ. ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ ಅಂದೆ ನೀನು. ಬೇರೆ ಲ್ಯಾಬಿಗೆ ಯಾಕೆ ಹೋಗಲಿಲ್ಲ ಎಂದು ನಾನು ಕೇಳಿದೆ, ನಾಚಿಕೆಯಿಲ್ಲದೆ.

“ಬ್ಯಾಡ ಬಿಡವಾ. ನನ್ನ ಕೈ ಮ್ಯಾಲ ನನಗೇ ಭರೋಸಾ ಉಳದಿಲ್ಲ.”

ನಗುತ್ತಲೇ ಅಂದೆ ನೀನು. ದೇವರಿಗೂ ಸಾಕ್ಷಿ ಕೇಳುವ ನಾನು — ಸಾಕ್ಷಿ ನನ್ನೊಳಗೇ ಇತ್ತು — ನಿನ್ನ ಜೊತೆ ನಕ್ಕು ಬಸ್ ಹತ್ತಿದೆ.

ಆ ರೈತರ ಎದುರಿನ ನಗೆಯನ್ನು ನಾನಿನ್ನೂ ಕ್ಷಮಿಸಿಲ್ಲ. ಅದು ನನ್ನ ನಿನ್ನ ನಡುವಿನ ಮಾತು. ಆದರೆ ನಿನ್ನ ಕೈ ಏನು ತಪ್ಪು ಮಾಡಿತ್ತು? ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದ್ದೇನೆ, ನಾಳೆ ಬೆಳಿಗ್ಗೆ ಸರ್ ಕೈಗೆ ಕೊಡುತ್ತೇನೆ. ಅವರು ಏನೇ ಹೇಳಲಿ, ನಾನು ವಾದಿಸುವುದಿಲ್ಲ. ನಿನ್ನ ಕ್ಷಮೆಯನ್ನೂ ಕೇಳುವುದಿಲ್ಲ — ನಾನೇ ಕೊಡದದ್ದನ್ನು ಯಾವ ಬಾಯಿಂದ ಕೇಳಲಿ?

ನಾನು ಮುಟ್ಟದೆ ಬಿಟ್ಟ ಆ ಮೊದಲ ಫ್ಲಾಸ್ಕಿನ ರೀಡಿಂಗ್ ನೀರಿನ ನಿಜವಾದ ಉತ್ತರಕ್ಕೆ ನನ್ನದಕ್ಕಿಂತ ಹತ್ತಿರವಿತ್ತು. ಅದನ್ನೂ ಬರೆದಿದ್ದೇನೆ.