ಕುಮುದಾಳ ಕೊನೆಯ ಕಂತು

ಬಸ್ತಿಹಳ್ಳಿಯ ಪದ್ಮಲತಾ ಕಥೆ ಬರೆಯಲು ಹಿಡಿದದ್ದು ಹೆಸರು ಮಾಡಲಿಕ್ಕಲ್ಲ, ತಾಯಿಗೆ ನಾಲ್ಕು ತುತ್ತು ಉಣ್ಣಿಸಲಿಕ್ಕೆ. ಹಳೇಬೀಡಿನ ಬಸ್ ಸ್ಟ್ಯಾಂಡ್ ಹತ್ತಿರ ಬಳೆ, ಕ್ಲಿಪ್ಪು ಮಾರುವ ಫ್ಯಾನ್ಸಿ ಸ್ಟೋರು ಅವಳದು. ಮದುವೆಯ ಗೊಡವೆಗೆ ಹೋದವಳಲ್ಲ. ಮನೆಯಲ್ಲಿ ಅವಳು ಮತ್ತು ತಾಯಿ ಸಾವಿತ್ರಮ್ಮ, ಇಬ್ಬರೇ.

ಸಾವಿತ್ರಮ್ಮನಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ಬಸದಿಗೆ ಹೋಗಿ ಬಂದದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಆದರೆ ಟಿ.ವಿ. ಧಾರಾವಾಹಿಯ ಸೊಸೆ ಕುಮುದಾಳ ಗೋಳು ಮಾತ್ರ ಬಾಯಿಪಾಠ. ಜೈನರ ಮನೆಯ ಹಳೆಯ ಜೀವ, ಹೊತ್ತು ಮುಳುಗಿದ ಮೇಲೆ ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಸಂಜೆ ಬೆಳಕಿರುವಾಗಲೇ, ಕುಮುದಾಳನ್ನು ನೋಡುತ್ತಲೇ ಊಟ. ಅಂಥ ಧಾರಾವಾಹಿಯನ್ನು ಆ ಚಾನೆಲಿನ ಪುಣ್ಯಾತ್ಮರು, ಕುಮುದಾಳನ್ನು ಮನೆಯಿಂದ ಹೊರಗೆ ಹಾಕಿದ ಕಂತಿಗೇ ನಿಲ್ಲಿಸಿಬಿಟ್ಟರು. ಮುದುಕಿ ತಟ್ಟೆ ಸರಿಸಿದಳು.

"ಅವ್ಳು ಬೀದೀಲಿ ನಿಂತವ್ಳೆ. ನಾನ್ ಹೆಂಗೆ ಉಣ್ಣಲೇ?"

ಪದ್ಮಲತಾ ಬಾಯಿಗೆ ಬಂದದ್ದನ್ನು ಹೇಳಿದಳು: ಕುಮುದಾ ಬೇಲೂರಿನ ಬಸ್ಸು ಹತ್ತಿದಳು, ಅಲ್ಲೊಂದು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಳು. ತಟ್ಟೆ ಖಾಲಿಯಾಯಿತು. ಮರುದಿನದಿಂದ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಮೊಬೈಲಿನಲ್ಲಿ ಬರೆದಿಟ್ಟುಕೊಂಡು, ಸಂಜೆ ತಾಯಿಗೆ ಓದತೊಡಗಿದಳು.

ಬೇಲೂರಿನಲ್ಲಿರುವ ತಮ್ಮನ ಮಗಳು ದರ್ಶಿನಿ ಅದನ್ನೆಲ್ಲ ಕಥೆಗಳ ಆ್ಯಪಿಗೆ ಹಾಕಿದಳು. "ಅಭಿಮಾನಿಗಳೇ ಕಥೆ ಮುಂದುವರಿಸಿ ಬರೆಯೋದು, ಇದಕ್ಕೆ ಫ್ಯಾನ್ ಫಿಕ್ಷನ್ ಅಂತಾರೆ ಅತ್ತೆ" ಎಂದಳು. ಓದುಗರು ಕಥೆಯನ್ನು ಮೆಚ್ಚಿದರು, ಭಾಷೆಗೆ ಚೆನ್ನಾಗಿ ಉಗಿದರು. ವಾಕ್ಯಕ್ಕೆ ತಲೆಯಿಲ್ಲ ಬುಡವಿಲ್ಲವಂತೆ, ಮಾತಾಡುವವರು ಯಾರೆಂದೇ ತಿಳಿಯುವುದಿಲ್ಲವಂತೆ. ಪದ್ಮಲತಾಗೆ ಅವಮಾನವಾಯಿತು. ಹಟ ಹಿಡಿದು ಕಲಿತಳು. ಉದ್ದದ ವಾಕ್ಯಗಳನ್ನು ಮುರಿದಳು, ಕಾಲ, ವಚನ ಸರಿಪಡಿಸಿದಳು, ಜೋರಾಗಿ ಓದಿ ನಾಲಿಗೆ ತೊಡರಿದ ಕಡೆಯಲ್ಲೆಲ್ಲ ಕತ್ತರಿ ಆಡಿಸಿದಳು. ಉಗಿದವರೇ ಹೊಗಳತೊಡಗಿದರು. ಜೀವಮಾನವಿಡೀ ಬೇರೆಯವರ ಕೈಗೆ ಬಳೆ ತೊಡಿಸಿದವಳಿಗೆ ಹೊಗಳಿಕೆ ಕಹಿಯಾದೀತೇ?

ಕುಮುದಾ ಮನೆಗೆ ಮರಳುವ ಕೊನೆಯ ಕಂತು ಒಂದೂ ತಪ್ಪಿಲ್ಲದೆ ಬರಬೇಕೆಂದು ಕುಳಿತಳು ನೋಡಿ, ಅಲ್ಲೇ ಕೆಟ್ಟದ್ದು. ಸಾವಿತ್ರಮ್ಮ ತಟ್ಟೆಯ ಮುಂದೆ ಕಾಯುತ್ತಿದ್ದಳು.

"ಎಲ್ಲಿಗ್ ಬಂದ್ಳೇ ಕುಮುದಾ?"

"ತಡಿಯಮ್ಮ, ಇದೊಂದ್ ಪ್ಯಾರಾ ತಿದ್ದಿಬಿಡ್ತೀನಿ."

ತಲೆಯೆತ್ತುವಷ್ಟರಲ್ಲಿ ಅಂಗಳದ ಬೆಳಕು ಹೋಗಿತ್ತು. ಮುದುಕಿ ಅನ್ನಕ್ಕೆ ಕೈಮುಗಿದು ಎದ್ದಿದ್ದಳು. ಮಗಳು ಎಷ್ಟು ಗೋಗರೆದರೂ ವ್ರತ ಮುರಿಯಲಿಲ್ಲ. ಮರುದಿನ ಬರೆದಷ್ಟನ್ನೇ ಓದಬಹುದಿತ್ತು. ಆದರೆ ಈಗ ಪದ್ಮಲತಾಗೆ ತಿದ್ದದ ವಾಕ್ಯವನ್ನು ಹೆತ್ತ ತಾಯಿಯ ಮುಂದೆ ಓದಲೂ ನಾಚಿಕೆ. ಇವತ್ತು, ನಾಳೆ ಎನ್ನುತ್ತ ದಿನಗಳು ಕಳೆದವು. ಮುದುಕಿಯ ತುತ್ತು ಕಡಿಮೆಯಾಯಿತು. ಆಮೇಲೆ ಅವಳು ಕುಮುದಾಳ ಸುದ್ದಿ ಕೇಳುವುದನ್ನೇ ಬಿಟ್ಟಳು. ಸದ್ಯ, ನೆಮ್ಮದಿಯಾಗಿ ತಿದ್ದಬಹುದು ಎಂದುಕೊಂಡಳು ಮಗಳು. ಬುದ್ಧಿಗೆ ಮಂಕು ಕವಿಯುವುದೆಂದರೆ ಇದೇ.

ಕಂತು ಮುಗಿದ ದಿನ ಅಂಗಡಿ ಬೇಗ ಮುಚ್ಚಿ ಓಡಿಬಂದಳು. ಬಿಸಿಲಿರುವಾಗಲೇ ತಟ್ಟೆಯಿಟ್ಟು ಓದಿದಳು. ಎಲ್ಲೂ ನಾಲಿಗೆ ತೊಡರಲಿಲ್ಲ. ಕುಮುದಾ ಹೊಸ್ತಿಲು ದಾಟಿ ಒಳಗೆ ಬಂದಳು. ಸಾವಿತ್ರಮ್ಮ ಸೆರಗು ಸರಿಮಾಡಿಕೊಂಡು ಮರ್ಯಾದೆಯಿಂದ ಕೇಳಿಸಿಕೊಂಡಳು. ಅನ್ನ ಮಾತ್ರ ಹಾಗೇ ಇತ್ತು.

"ಚೆನ್ನಾಗಿ ಓದ್ತೀರ ಕಣ್ರೀ" ಎಂದಳು. "ಯಾರ ಮನೆ ಹುಡ್ಗಿ ಅದು, ಕುಮುದಾ?"

ಪದ್ಮಲತಾ ಮೊಬೈಲು ಕೆಳಗಿಟ್ಟಳು. "ಅಮ್ಮಾ, ನಾನ್ಯಾರು ಹೇಳು?"

ತಾಯಿ ಅವಳನ್ನು ದಿಟ್ಟಿಸಿ ನೋಡಿ, ಸಂಕೋಚದಿಂದ ನಕ್ಕಳು.

"ಬೇಜಾರ್ ಮಾಡ್ಕಬ್ಯಾಡಿ, ಗುರ್ತು ಸಿಗ್ಲಿಲ್ಲ. ಕೂತ್ಕಳಿ, ನನ್ ಮಗ್ಳು ಅಂಗ್ಡಿಯಿಂದ ಇನ್ನೇನ್ ಬತ್ತಾಳೆ. ಅವ್ಳು ಬಾಯಲ್ಲೇ ಕಥೆ ಹೇಳ್ತಾಳೆ. ಅವ್ಳು ಬರೋಗಂಟ ನಂಗೆ ತುತ್ತು ಇಳಿಯಾಕಿಲ್ಲ."