ಮನೆಗಾಡಿಯಲ್ಲಿ ಇಟ್ಟ ಎಡೆ

ನನ್ನ ಗಂಡ ಅಮೆರಿಕದ ರೆಡ್ಮಂಡಿನಲ್ಲಿ ಶಟಲ್ ಬಸ್ ಓಡಿಸುತ್ತಿದ್ದರು. ವಾರವಿಡೀ ಬಸ್ಸಿನಲ್ಲಿ ಕೂತು ಸೊಂಟ ಹಿಡಿದುಕೊಂಡವರು, ರಜೆ ಸಿಕ್ಕಿದರೆ ಮತ್ತೆ ಸ್ಟೇರಿಂಗ್ ಮುಂದೆಯೇ ಕೂರಬೇಕು ಅನ್ನುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಒಂದು ಹಳೆಯ ಆರ್‌ವಿ ಕೊಂಡರು. ಒಳಗೆ ಒಲೆ, ಹಾಸಿಗೆ, ಒಬ್ಬರು ನಿಂತರೆ ತುಂಬಿಹೋಗುವ ಬಚ್ಚಲು. ನಾವು ಅದನ್ನು ಮನೆಗಾಡಿ ಎಂದು ಕರೆದೆವು. ಕ್ರಾಸ್‌ರೋಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಿಲ್ಲಿಸಲು ಬಿಡಲಿಲ್ಲವಾದ್ದರಿಂದ ಊರಾಚೆ ಬಾಡಿಗೆ ಜಾಗದಲ್ಲಿ ಇಟ್ಟಿದ್ದೆವು.

ಮೊದಲ ವರ್ಷಗಳಲ್ಲಿ ಸಮುದ್ರದಂಡೆಯ ಪಾರ್ಕಿಗೆ ಹೋದರೆ ನಾಲ್ಕು ರಾತ್ರಿ ಇರುತ್ತಿದ್ದೆವು. ಕರೆಂಟು, ನೀರು ಎರಡೂ ಇರುವ ಜಾಗ. ಆಮೇಲೆ ಬಾಡಿಗೆ ಏರತೊಡಗಿತು. ಒಮ್ಮೆಗೇ ಅಲ್ಲ, ಪ್ರತಿ ಬೇಸಿಗೆಗೆ ಒಂದಿಷ್ಟು. ಮೊದಲು ಕರೆಂಟಿನ ಜಾಗ ಬಿಟ್ಟೆವು. ಆಮೇಲೆ ಶನಿವಾರ, ಭಾನುವಾರ ಬಿಟ್ಟು ವಾರದ ಮಧ್ಯೆ ಹೋದೆವು. ನಾಲ್ಕು ರಾತ್ರಿ ಎರಡಾಯಿತು, ಎರಡು ಒಂದಾಯಿತು. ಒಂದು ರಾತ್ರಿಗೋಸ್ಕರ ಅಷ್ಟು ದೂರ ಪೆಟ್ರೋಲ್ ಸುಡುವುದು ಯಾಕೆ ಎನಿಸಿ ಕೊನೆಗೆ ಸಮುದ್ರವನ್ನೇ ಬಿಟ್ಟೆವು. ಬೆಟ್ಟದ ಕಡೆ, ಕಾಡಿನ ಮಣ್ಣುರಸ್ತೆಯ ಪಕ್ಕದಲ್ಲಿ, ದುಡ್ಡು ಕೇಳದ ಜಾಗಗಳನ್ನು ಹುಡುಕಿಕೊಂಡೆವು. ಅಲ್ಲಿ ನಲ್ಲಿಯಿಲ್ಲ, ಫೋನ್ ಸಿಗ್ನಲ್ ಇಲ್ಲ. ಮನೆಯಿಂದ ಕ್ಯಾನುಗಳಲ್ಲಿ ನೀರು ತುಂಬಿಕೊಂಡು ಹೋಗಬೇಕು. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಅದರಲ್ಲೇ ತಟ್ಟೆ ತೊಳೆಯುತ್ತಿದ್ದೆ.

"ಇದೇನ್ರೀ ಟೂರು? ನೀರಿಗೆ ಗತಿಯಿಲ್ಲ."

"ನಿಮ್ಮಪ್ಪನ ಮನೇಲಿ ನಲ್ಲಿ ಇತ್ತಾ?"

"ಇತ್ತು. ಎರಡಿತ್ತು."

ಅವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದರು. "ಈ ಸಲ ಸಮುದ್ರಕ್ಕೆ ಹೋಗೋಣ ಕಣೇ. ನೀರಿನ ಎದುರಿಗಿರೋ ಮೊದಲ ಸಾಲಲ್ಲಿ ಒಂದು ಜಾಗ ಖಾಲಿ ಇದೆ. ಒಂದೇ ರಾತ್ರಿ." ನಾನು ಬೆಲೆ ನೋಡಿದೆ. "ಈ ದುಡ್ಡಿಗೆ ಹೋಟೆಲಲ್ಲೇ ರೂಮು ಸಿಗತ್ತೆ. ಮುಂದಿನ ವರ್ಷ ನೋಡೋಣ ಬಿಡಿ" ಎಂದೆ. ಅವರು ಫೋನು ಜೇಬಿಗೆ ಹಾಕಿಕೊಂಡರು. ಕಾಡಿಗೇ ಹೋಗಿಬಂದೆವು. ಅಕ್ಟೋಬರಿನ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡಲು ಶೂ ಹಾಕಿಕೊಳ್ಳುತ್ತಾ ಕೂತವರು ಏಳಲಿಲ್ಲ.

ನಮ್ಮಲ್ಲಿ ವರ್ಷ ತುಂಬಿದ ತಿಥಿಗೆ ಎಡೆ ಇಡುತ್ತೇವೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದುಬಿಡುತ್ತೇವೆ. ಅವರು ಬಂದು ಉಣ್ಣಲಿ ಎಂದು. ಆ ಎಡೆಯನ್ನು ಸಮುದ್ರದ ಮುಂದೆಯೇ ಇಡಬೇಕು ಎಂದು ನಾನು ಅವರು ಹೋದ ತಿಂಗಳೇ ನಿಶ್ಚಯಿಸಿದ್ದೆ. ಇಲ್ಲ ಎಂದಿದ್ದು ನಾನು. ಆ ಜಾಗಕ್ಕೆ ಅವರನ್ನು ಕರೆದುಕೊಂಡು ಹೋಗಬೇಕಾದವಳೂ ನಾನೇ.

ಆ ಮೊದಲ ಸಾಲಿನ ಜಾಗಗಳನ್ನು ಒಂಬತ್ತು ತಿಂಗಳ ಮುಂಚೆಯೇ ಹಿಡಿಯಬೇಕು. ಮೈಸೂರಿನ ನನ್ನ ಅಣ್ಣ ಹೊಸ ಪಂಚಾಂಗ ನೋಡಿಸಿ, "ಬುಧವಾರ ಬರತ್ತೆ ಕಣಮ್ಮ" ಎಂದ. ಜನವರಿಯಲ್ಲಿ ಬುಧವಾರದ ಒಂದು ರಾತ್ರಿ ಬುಕ್ ಮಾಡಿದೆ. ಬೆಲೆ ಮತ್ತೆ ಏರಿತ್ತು. ಈ ಸಲ ನೋಡಲಿಲ್ಲ.

ಎರಡು ವಾರ ಉಳಿದಾಗ ಮಗಳು ಊಟಕ್ಕೆ ಬಂದಿದ್ದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಗಾಡಿ ಓಡಿಸುವವಳು ಅವಳೇ. ನನಗೆ ಅಷ್ಟು ದೊಡ್ಡದು ಬರುವುದಿಲ್ಲ. ಅಣ್ಣ ಕಳಿಸಿದ್ದ ಪಂಚಾಂಗದ ಫೋಟೊ ನೋಡುತ್ತಾ ಕೇಳಿದಳು, "ಅಮ್ಮಾ, ಇದು ಇಂಡಿಯಾ ಟೈಮ್ ಅಲ್ವಾ?"

"ಹೂಂ. ಅದಕ್ಕೇನು?"

"ಅಲ್ಲಿ ತಿಥಿ ವೆನ್ಸ್‌ಡೇ ಆಫ್ಟರ್‌ನೂನ್ ಮುಗಿಯತ್ತೆ ಅಂತಿದೆ. ದಟ್ ಮೀನ್ಸ್ ಇಲ್ಲಿ ವೆನ್ಸ್‌ಡೇ ಬೆಳಗಾಗೋ ಮೊದ್ಲೇ ಓವರ್. ಇಲ್ಲಿಗೆ ಟ್ಯೂಸ್‌ಡೇ."

ಇಪ್ಪತ್ತು ವರ್ಷದಿಂದ ಮೈಸೂರಿಗೆ ಫೋನ್ ಮಾಡುವಾಗಲೆಲ್ಲ ಗಂಟೆ ಲೆಕ್ಕ ಹಾಕುವವಳು ನಾನು. ಅದೊಂದಕ್ಕೆ ಹಾಕಲಿಲ್ಲ.

ಮಂಗಳವಾರಕ್ಕೆ ಆ ಪಾರ್ಕಿನಲ್ಲಿ ಒಂದು ಜಾಗವೂ ಇರಲಿಲ್ಲ. ಮಗಳಿಗೆ ಬುಧವಾರ, ಗುರುವಾರ ರಜೆಯಿತ್ತು. ಬದಲಾಯಿಸಲು ಹೋದರೆ ಮಂಗಳವಾರ ಒಂದೇ ದಿನ ಸಿಕ್ಕಿತು. ಹಳೆಯ ಗಾಡಿಯಲ್ಲಿ ಸಮುದ್ರಕ್ಕೆ ಹೋಗಿಬರಲು ಒಂದು ದಿನ ಸಾಲದು. "ಬುಧವಾರವೇ ಮಾಡೋಣ, ಅಪ್ಪ ಏನೂ ಅನ್ಕೊಳಲ್ಲ" ಎಂದಳು. ಅನ್ನುವುದಿಲ್ಲ, ನನಗೂ ಗೊತ್ತು. ಆದರೆ ಅವರು ಬರುವ ದಿನ ಎಲೆ ಖಾಲಿಯಿದ್ದು, ಹೊರಟುಹೋದ ಮೇಲೆ ಬಡಿಸಿದರೆ ಏನು ಬಂತು? ಮೂರು ದಿನ ಯೋಚಿಸಿ, ಮಂಗಳವಾರವೇ, ಕಾಡಿನಲ್ಲೇ ಎಂದೆ.

ಬೆಳಿಗ್ಗೆ ಏಳಕ್ಕೆ ಹೊರಟು ಕಾಡಿನ ರಸ್ತೆಯಲ್ಲಿ ಕಳೆದ ವರ್ಷ ನಿಂತಿದ್ದ ಕಡೆಯೇ ನಿಲ್ಲಿಸಿದೆವು. ಮುದ್ದೆ, ನಾಟಿ ಕೋಳಿ ಸಾರು, ಶಾವಿಗೆ ಪಾಯಸ. ಮುದ್ದೆ ತಿರುವುವಾಗ ಗಾಡಿ ಅಲುಗಾಡಿತು. ಮಗಳು ಎಲೆಯ ಪಕ್ಕದಲ್ಲಿ ಒಂದು ಚಿಪ್ಸ್ ಪ್ಯಾಕೆಟ್ ಇಟ್ಟಳು.

"ಅದ್ಯಾಕೆ?"

"ಡ್ರೈವ್ ಮಾಡ್ತಾ ತಿಂತಿದ್ರು. ನಿಂಗೆ ಗೊತ್ತಿಲ್ಲ."

"ಡಾಕ್ಟರು ಬೇಡ ಅಂದಿದ್ರು."

"ಇನ್ನೇನಮ್ಮಾ ಈಗ."

ದೀಪ ಹಚ್ಚಿ, ಬಾಗಿಲು ಮುಚ್ಚಿ ಹೊರಗೆ ನಿಂತೆವು. ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿ ನಿಂತಾಗ ಮಗಳಿಗೆ ಹೇಳಿದೆ, ಅವರು ಸಮುದ್ರಕ್ಕೆ ಕೇಳಿದ್ದು, ನಾನು ದುಡ್ಡು ನೋಡಿ ಬೇಡ ಎಂದಿದ್ದು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಅವಳು ಪರವಾಗಿಲ್ಲ ಎನ್ನಲಿಲ್ಲ. ಜಾಕೆಟ್ಟಿನ ಒಳಗಿಂದ ಕೈ ತೆಗೆದು ನನ್ನ ಕೈ ಹಿಡಿದುಕೊಂಡಳು. ತುಂಬ ಹೊತ್ತಿನ ಮೇಲೆ, "ಹೌ ಲಾಂಗ್ ನಿಲ್ಬೇಕು?" ಎಂದಳು.

"ಇನ್ನೊಂದು ಸ್ವಲ್ಪ. ಅವರ ಊಟ ನಿಧಾನ."

ಆಮೇಲೆ ನಾನು ಬಾಗಿಲನ್ನು ಮೂರು ಸಲ ತಟ್ಟಿ ತೆಗೆದೆ. ಹಕ್ಕಿಗೆಂದು ತೆಗೆದ ತುತ್ತನ್ನು ಒಂದು ಬಂಡೆಯ ಮೇಲಿಟ್ಟೆವು. ಕಾಗೆ ಬರಲಿಲ್ಲ, ಜುಟ್ಟಿನ ಒಂದು ನೀಲಿ ಹಕ್ಕಿ ಬಂದು ಕಚ್ಚಿಕೊಂಡು ಹೋಯಿತು. "ಇದು ಓಕೆನಾ?" ಎಂದಳು. ಹೂಂ ಎಂದೆ. ಅವರ ಎಲೆಯದನ್ನು ಇಬ್ಬರೂ ಹಂಚಿಕೊಂಡು ಉಂಡೆವು.

ಬೆಟ್ಟ ಇಳಿದು ಸಿಗ್ನಲ್ ಬಂದ ಕಡೆ ಮಗಳು ಗಾಡಿ ನಿಲ್ಲಿಸಿದಳು. "ನಾಳೆದು ಏನು ಮಾಡ್ಲಿ? ದುಡ್ಡು ವಾಪಸ್ ಬರಲ್ಲ."

"ಕ್ಯಾನ್ಸಲ್ ಮಾಡು. ಬೇಕಾದವರಿಗೆ ಸಿಗಲಿ."

ಮಾಡಿದಳು. ಪೆಟ್ರೋಲ್ ಹಾಕಿಸಿ ಬಂದು ಮತ್ತೆ ಫೋನ್ ನೋಡಿ, "ಯಾರೋ ಆಗ್ಲೇ ತಗೊಂಡ್ರು" ಎಂದಳು.

ಅವರು ಯಾರೋ, ನಾಳೆ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೂರಲಿ ಎಂದುಕೊಂಡೆ. ಆದರೂ ಊರು ಬರುವವರೆಗೆ ಫೋನಿನಲ್ಲಿ ಆ ಜಾಗದ ಫೋಟೊವನ್ನೇ ನೋಡುತ್ತಿದ್ದೆ.