ಜೋಳದ ಚೀಲ ಹೊತ್ತ ಸ್ಪೋರ್ಟ್ಸ್ ಕಾರು

ನನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಎರಡೂ ಸೀಟುಗಳಲ್ಲಿ ಜೋಳದ ಚೀಲಗಳು ಬೀಗರಂತೆ ಕುಳಿತಿದ್ದವು. ಸವೆದ ಶಾಕ್ ಅಬ್ಸಾರ್ಬರ್ ತೆಗೆದು, ಎತ್ತರ ಹೊಂದಿಸಬಹುದಾದ ಹೊಸದನ್ನು ಹಾಕಲು ಶಿಗ್ಗಾಂವಿಯ ಮೆಕ್ಯಾನಿಕ್ ಖಾದರಸಾಬರಿಗೆ ಕೊಟ್ಟಿದ್ದೆ. ಕಾಳು ಸಾಗಿಸುವ ಗಾಡಿಗಳಲ್ಲೇ ಪಳಗಿದ ಕೈ ಅದು. ರೂಢಿಯಂತೆ ಭಾರ ಹೇರಿಯೇ ಎತ್ತರ ಹೊಂದಿಸಿದ್ದರು.

“ಲೋಡ್ ಇಲ್ಲದ ಗಾಡಿ ಯಾರ್ ಓಡಸ್ತಾರ್ರಿ?” ಎಂದರು.

ಚೀಲ ಇಳಿಸಿದ್ದೇ ತಡ, ಕಾರು ಜೀಪಿನಂತೆ ಎದ್ದು ನಿಂತಿತು. ನೆಲ ಸವರಿಕೊಂಡು ಓಡಿಸುವ ನನ್ನ ಷೋಕಿ ಅಲ್ಲಿಗೆ ಮುಗಿಯಿತು. ಸಿಟ್ಟಿನಲ್ಲೇ ತಡಸದ ಮನೆಗೆ ತಂದೆ. ಮೊಣಕಾಲು ನೋವಿನಿಂದಾಗಿ ಒಮ್ಮೆಯೂ ಅದರಲ್ಲಿ ಕೂರಲಾಗದಿದ್ದ ಅವ್ವ, ಅಂದು ಸಲೀಸಾಗಿ ಹತ್ತಿ ಕುಳಿತಳು.

“ಈಗ ಮನಷ್ಯಾರು ಕುಂಡ್ರೂ ಗಾಡಿ ಆತು ನೋಡಪಾ. ನಡಿ, ಸಂತಿಗೆ ಹೋಗೂಣು.”

ಹೊಸ ಶಾಕ್ ಅಬ್ಸಾರ್ಬರ್ ಜೊತೆ ಬಂದ, ತಿರುಗಿಸಿ ಎತ್ತರ ತಗ್ಗಿಸುವ ಪಾನಾ ಇನ್ನೂ ಡಿಕ್ಕಿಯಲ್ಲೇ ಇದೆ. ಅದರ ಮೇಲೆ ಅವ್ವನ ಸಂತೆಚೀಲ.